ಹದಿನೆಂಟು ಗುಂಟೆಯ ಸೊನ್ನೆ

ಬರೆದ ಅಕ್ಷರಕ್ಕಿಂತ ಅಕ್ಷರಗಳ ನಡುವಿನ ಖಾಲಿ ಜಾಗವೇ ತನಗೆ ಹೆಚ್ಚು ಇಷ್ಟವಾಗತೊಡಗಿದೆ, ಇದು ತಲೆ ಕೆಟ್ಟವರ ಲಕ್ಷಣವೋ ಏನೋ ಎಂದು ಚಂದಮ್ಮ ಆ ದಿನ ಡೈರಿಯಲ್ಲಿ ಬರೆದುಕೊಂಡಳು. ಬರೆದ ಮೇಲೆ ಒಮ್ಮೆ ಸುತ್ತ ನೋಡಿದಳು. ಆಫೀಸಿನಲ್ಲಿ ಯಾರೂ ಇರಲಿಲ್ಲ. ಕಿಟಕಿಯಾಚೆ ಕಾಲುವೆ ತನ್ನ ಪಾಡಿಗೆ ಹರಿಯುತ್ತಿತ್ತು. ನೀರಿನ ಮೇಲೆ ಬಿದ್ದ ಬಿಸಿಲು ಹೆಂಚಿನ ಒಳಮೈಗೆ ತಾಗಿ ಕೋಣೆಯ ತುಂಬ ಅಲುಗಾಡುತ್ತಿತ್ತು. ನೋಡನೋಡುತ್ತ ಇಡೀ ಕೋಣೆಯೇ ನೀರಿನ ತಳದಲ್ಲಿದೆ, ತಾನು ಅಲ್ಲಿ ಮೀನಿನ ಹಾಗೆ ಬಾಯಿ ಮುಚ್ಚಿ ಕುಳಿತಿದ್ದೇನೆ ಅನ್ನಿಸುತ್ತಿತ್ತು ಅವಳಿಗೆ.

ಬಾಯಿ ಮುಚ್ಚಿ ಕೂರುವುದು ಅವಳಿಗೆ ಹೊಸದಲ್ಲ. ಸುರಪುರದಲ್ಲಿ ಬಿ.ಎಸ್ಸಿ. ಮುಗಿಸುವವರೆಗೂ ಹಾಜರಿ ಕರೆದಾಗ ‘ಯಸ್ ಸರ್’ ಅನ್ನುವುದೊಂದೇ ಅವಳ ಭಾಷಣ. ಮನೆಯಲ್ಲಿ ತಾಯಿ ದೇವಕಮ್ಮ, “ಇಕಿ ಬಾಯಾಗ ಬೆಲ್ಲ ಇಟ್ಟು ಹಡದೀನಿ ಕಾಣಸ್ತದ, ಕರಗತದಂತ ತಗಿಯಂಗಿಲ್ಲ” ಎಂದು ಬಂದವರ ಮುಂದೆಲ್ಲ ಹೇಳುವಳು. ಚಂದಮ್ಮ ಅದಕ್ಕೂ ಉತ್ತರ ಕೊಡದೆ ಒಳಗೆ ಹೋಗಿ ಡೈರಿ ತೆಗೆಯುವಳು. ಆಡಬೇಕಾದ ಮಾತೆಲ್ಲ ಅಲ್ಲಿರುತ್ತಿತ್ತು, ತಾರೀಖು ಸಮೇತ.

ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದೆ, ಸೈಕಲ್ ಅಂಗಡಿಯ ಅಟ್ಟದ ಮೇಲೆ ನಡೆಯುತ್ತಿದ್ದ ಕಂಪ್ಯೂಟರ್ ಕ್ಲಾಸಿಗೆ ಸೇರಿದ ಮೇಲೆ ಮಾತ್ರ ಅವಳಿಗೆ ಒಂದು ಹೊಸ ಬಾಯಿ ಸಿಕ್ಕಂತಾಗಿತ್ತು. ಕಲಿಸುವವರು ಅಮೀನುದ್ದೀನ ಸರ್. ಐದು ಮಂದಿಗೆ ಒಂದು ಕಂಪ್ಯೂಟರು. ಅದರ ನೀಲಿ ಪರದೆಯ ಮೇಲೆ ಹಳದಿ ಅಕ್ಷರಗಳು ಮೂಡುವುದನ್ನು ಕಂಡಾಗ, ಸಂಜೆ ಕಾಲುವೆ ನೀರಿನಲ್ಲಿ ದೀಪ ಕಂಡಷ್ಟೇ ಹಿತವಾಗಿತ್ತು ಅವಳಿಗೆ. ‘ಸಿ’ ಭಾಷೆಯಲ್ಲಿ ಪ್ರಿಂಟ್‌ಎಫ್ ಅಂತ ಒಂದು ಮಾತಿದೆ. ಅದು ಒಳಗಿದ್ದದ್ದನ್ನು ಹೊರಗೆ ತೋರಿಸುವ ಮಾತು. ಆದರೆ ಹೊರಗೆ ಬರುವುದು ಯಾವ ಜಾತಿಯದು ಎಂದು ಮೊದಲೇ ಹೇಳಿ ಜಾಗ ಹಿಡಿಯಬೇಕು. ಇಡೀ ಅಂಕಿಗೆ %d, ಚುಕ್ಕೆಯ ಅಂಕಿಗೆ %f, ಒಂಟಿ ಅಕ್ಷರಕ್ಕೆ %c, ಹೆಸರಿಗೆ %s.

“ದಾವತ್ ನೋಡೀರಿಲ್ಲೋ?” ಎನ್ನುತ್ತಿದ್ದರು ಅಮೀನುದ್ದೀನ ಸರ್. “ಉಣ್ಣಾಕ ದಸ್ತರಖಾನ್ ಹಾಸ್ತೀವಿ. ಯಾರು ಬರ್ತಾರ, ಎಷ್ಟು ಮಂದಿ ಬರ್ತಾರ, ಅಷ್ಟ ಜಾಗ ಬಿಡ್ತೀವಿ. ಈ ಪರ್ಸೆಂಟ್ ಗುರ್ತಂದ್ರ ಹಂಗ. ಐದು ಅಂತ ಬರದ್ರ ಐದು ಮಂದಿ ಕೂಡೋ ಜಾಗ. ಮೂರ ಮಂದಿ ಬಂದ್ರು ಅನ್ರಿ, ಎಡಕ್ಕ ಎರಡು ಖಾಲಿ. ಮುಂದ ಒಂದು ಗೀಟು ಎಳದ್ರ, ಎಡಕ್ಕ ಒರಗಿ ಕೂಡ್ತಾರ, ಬಲಕ್ಕ ಖಾಲಿ.”

“ಇಡೀ ಅಂಕಿ ಜಾಗದಾಗ ಚುಕ್ಕಿ ಅಂಕಿ ಕುಂತ್ರ ಸರ್?” ಎಂದು ಯಾರೋ ಕೇಳಿದ್ದರು.

“ಬೀಗರ ಜಾಗದಾಗ ಬಡ್ಡಿ ವಸೂಲಿಯಂವ ಕುಂತಂಗ. ಏನೇನೋ ಮಾತಾಡ್ತದ, ಒಂದೂ ಖರೇ ಇರಂಗಿಲ್ಲ.”

ಎಲ್ಲರೂ ನಕ್ಕಿದ್ದರು. ಚಂದಮ್ಮ ಅಂದು ಬಸ್ಸಿನಲ್ಲಿ ಊರಿಗೆ ಬರುವಾಗ, ದೋರನಹಳ್ಳಿ ದಾಟಿ ಭತ್ತದ ಗದ್ದೆಗಳು ಶುರುವಾದಾಗ, ಕರಿ ನೆಲದಲ್ಲಿ ನೇರ ಸಾಲು ಹಿಡಿದು ನಿಂತ ಸಸಿಗಳನ್ನು ನೋಡುತ್ತ ಕುಳಿತಿದ್ದಳು. ಯಾರೋ ದೊಡ್ಡ ಕೈಯವರು ಕೂತು ಒಂದೊಂದು ಸಸಿಗೂ ಅಗಲ ಹೇಳಿ ಜಾಗ ಬಿಟ್ಟು ಭೂಮಿಯ ಮೇಲೆ ಅಚ್ಚು ಹಾಕಿದಂತೆ ಕಂಡಿತ್ತು. ಇಳಿಯುವ ಸ್ಟಾಪು ತಪ್ಪಿಹೋಗಿ, ಎರಡು ಮೈಲಿ ಹಿಂದಕ್ಕೆ ನಡೆದು ಬಂದಳು.

ಊರಿನ ನೀರು ಬಳಕೆದಾರರ ಸಂಘಕ್ಕೆ ನಾರಾಯಣಪುರದ ನೀರಾವರಿ ಕ್ವಾರ್ಟರ್ಸಿನಿಂದ ಹಳೆಯದೊಂದು ಕಂಪ್ಯೂಟರು, ಕರ್ರೆಂದು ಕಿರುಚುವ ಪ್ರಿಂಟರು ಬಂದದ್ದು ಅದೇ ವರ್ಷ. ಅದನ್ನು ನಡೆಸಲು ಮೂರು ತಿಂಗಳ ಮಟ್ಟಿಗೆ ಚಂದಮ್ಮನನ್ನು ಕರೆದರು. ಕೆಲಸ ಒಂದೇ: ಪಾಳಿ ಪಟ್ಟಿ. ತೂಬಿನ ಕೆಳಗೆ ನಲವತ್ತೆರಡು ಎಕರೆ, ಇಪ್ಪತ್ತೆರಡು ಮಂದಿ. ಏಳು ದಿನ ನೀರು. ಎಕರೆಗೆ ನಾಲ್ಕು ತಾಸು. ಯಾರ ಹೊಲಕ್ಕೆ ಎಷ್ಟು ಹೊತ್ತು ಎಂದು ಪಟ್ಟಿ ಮಾಡಿ ತೂಬಿನ ಪಕ್ಕದ ಶೆಡ್ಡಿನ ಗೋಡೆಗೆ ಅಂಟಿಸಬೇಕು. ಗೇಟು ತಿರುಗಿಸುವ ಕಬ್ಬಿಣದ ಚಾವಿ ಒಂದೇ ಇತ್ತು. ಅದು ಮೇಲಿನ ಹೊಲದವನಿಂದ ಕೆಳಗಿನವನಿಗೆ, ಅವನಿಂದ ಇನ್ನೂ ಕೆಳಗಿನವನಿಗೆ ಕೈಯಿಂದ ಕೈಗೆ ಇಳಿಯುತ್ತ ಹೋಗಿ, ಪಟ್ಟಿ ಮುಗಿದಾಗ ತೂಬು ಕಾಯುವ ಸಂಘದ ಲಸ್ಕರ ಖಾಜಾಮಿಯಾನ ಕೈಗೆ ಮರಳಬೇಕು. ಚಾವಿ ಕೈಗೆ ಬಂದವನ ಹೊಲಕ್ಕೆ ನೀರು. ಬಾರದಿದ್ದರೆ ಇಲ್ಲ. ಹಾಗೊಂದು ರಿವಾಜು.

ಇಷ್ಟು ವರ್ಷ ಪಟ್ಟಿಯನ್ನು ಕೈಯಲ್ಲಿ ಬರೆಯುತ್ತಿದ್ದವನು ಸೆಕ್ರೆಟರಿ ಮರಿಲಿಂಗಪ್ಪ. ಅವನ ಅಕ್ಷರ ಅವನಿಗೇ ಮರುದಿನ ಓದಲು ಬರುತ್ತಿರಲಿಲ್ಲ.

“ನೋಡವಾ ಕಂಪ್ಯೂಟರವ್ವಾ,” ಎಂದ ಅವನು ಮೊದಲ ದಿನ, ಕುರ್ಚಿಯ ಮೇಲೆ ಕಾಲು ಮಡಚಿ ಕೂತು. “ನಾ ಒದರ್ತೀನಿ, ನೀ ಹೊಡಿ. ದ್ಯಾವಪ್ಪ, ಎರಡು ಎಕರೆ ಇಪ್ಪತ್ತು ಗುಂಟೆ.”

ಎಕರೆ ಬೇರೆ, ಗುಂಟೆ ಬೇರೆ. ಈ ಸೀಮೆಯಲ್ಲಿ ಯಾರೂ ಎರಡೂವರೆ ಎಕರೆ ಅನ್ನುವುದಿಲ್ಲ. ಎರಡು ಎಕರೆ ಇಪ್ಪತ್ತು ಗುಂಟೆ ಅನ್ನುತ್ತಾರೆ. ಪಹಣಿಯಲ್ಲೂ ಹಾಗೆಯೇ ಎರಡು ಕಾಲಮ್ಮು. ಅದೇ ರೂಢಿಯಲ್ಲಿ ಚಂದಮ್ಮ ಎಕರೆಗೊಂದು, ಗುಂಟೆಗೊಂದು ಇಡೀ ಅಂಕಿಯ ಡಬ್ಬಿ ಮಾಡಿದಳು. ನಲವತ್ತು ಗುಂಟೆಗೆ ಒಂದು ಎಕರೆ. ಗುಂಟೆಯನ್ನು ನಲವತ್ತರಿಂದ ಭಾಗಿಸಿ, ಎಕರೆಗೆ ಕೂಡಿಸಿ, ನಾಲ್ಕರಿಂದ ಗುಣಿಸಿದರೆ ತಾಸು. ಮೂರು ಸಾಲಿನ ಲೆಕ್ಕ. ಅದಕ್ಕೆ ಅವಳು ಹತ್ತು ನಿಮಿಷವನ್ನೂ ಕೊಡಲಿಲ್ಲ.

ಅವಳ ಮನಸ್ಸೆಲ್ಲ ಕಾಲಮ್ಮಿನ ಮೇಲಿತ್ತು. ಹೆಸರಿಗೆ ಹದಿನೆಂಟು ಮನೆ ಬಿಟ್ಟು ಎಡಕ್ಕೆ ಒರಗಿಸಿದಳು. ಎಕರೆಗೆ ಮೂರು, ಗುಂಟೆಗೆ ನಾಲ್ಕು ಮನೆ. ತಾಸಿಗೆ ಒಟ್ಟು ಏಳು ಮನೆ, ಚುಕ್ಕೆಯ ಆಚೆ ಎರಡಂಕಿ. ಮೊದಲು ಹೆಸರಿನ ಜಾಗ ಸಾಲದೆ ಖಾಜಾ ಎಂದು ಶುರುವಾಗುವ ಉದ್ದ ಹೆಸರಿನ ಮೂವರ ಅಂಕಿಗಳೂ ಬಲಕ್ಕೆ ಜರುಗಿಹೋದವು. ಇನ್ನೊಂದು ಸಲ ಗುಂಟೆಯ ಜಾಗದಲ್ಲಿ ತಪ್ಪು ಗುರುತು ಬಿದ್ದು ಮರಿಲಿಂಗಪ್ಪನ ಸ್ವಂತ ಹೊಲ ಮೈನಸ್ ಮೂವತ್ತೆರಡು ಸಾವಿರ ಗುಂಟೆಯಾಯಿತು. “ಅಷ್ಟು ಸಾಲ ಆಗ್ಯಾದೇನು ನನ್ನ ಭೂಮಿ?” ಎಂದು ಅವನು ಎದೆ ಮುಟ್ಟಿ ನೋಡಿಕೊಂಡ. ನಾಲ್ಕು ದಿನ ತಿದ್ದಿದಳು. ಐದನೆಯ ದಿನ ಪ್ರಿಂಟರು ಕಿರುಚುತ್ತ ಕಾಗದ ಉಗುಳಿದಾಗ ಎಲ್ಲವೂ ಸರಿಯಾಗಿ ಕೂತಿತ್ತು. ಚುಕ್ಕೆಯ ಕೆಳಗೆ ಚುಕ್ಕೆ. ಅದರಾಚೆ ಎರಡೆರಡು ಸೊನ್ನೆ, ಮೇಲಿನಿಂದ ಕೆಳಗಿನವರೆಗೆ, ದಂಡೆಯ ಮೇಲೆ ಬೆಳ್ಳಕ್ಕಿಗಳು ಒಂದರ ಪಕ್ಕ ಒಂದು ಕೂತ ಹಾಗೆ. 8.00. 12.00. 4.00. ಇಷ್ಟು ಚೊಕ್ಕವಾದದ್ದನ್ನು ತಾನು ಜನ್ಮದಲ್ಲಿ ಮಾಡಿರಲಿಲ್ಲ ಅಂದುಕೊಂಡಳು. ಸೊನ್ನೆಗಳನ್ನು ನೋಡುತ್ತ ನೋಡುತ್ತ ಊಟ ಮರೆತಳು.

ಮರಿಲಿಂಗಪ್ಪ ಪಟ್ಟಿಯನ್ನು ದೂರ ಹಿಡಿದು ನೋಡಿದ. ಎಲ್ಲ ಇಂಗ್ಲಿಷ್ ಅಕ್ಷರ. “ಭೇಷ್ ಅದ. ಮದುವಿ ಕಾರ್ಡು ಇದ್ದಂಗ ಅದ,” ಎಂದು ಕೆಳಗೆ ಸಹಿ ಹಾಕಿದ.

ಪಟ್ಟಿ ಗೋಡೆಗೆ ಏರಿತು. ಪಾಳಿ ಶುರುವಾಯಿತು. ಚಂದಮ್ಮ ಕಿಟಕಿಯ ಬಳಿ ಕೂತು, ತನ್ನ ಅಂಕಿಗಳು ನೀರಾಗಿ ಹೊಲಕ್ಕೆ ಹೋಗುತ್ತಿವೆ ಎಂದು ಹಗಲುಗನಸು ಕಂಡಳು.

ಪಾಳಿ ಮುಗಿದ ಮರುದಿನ ಮಧ್ಯಾಹ್ನ ಬಾಲಮ್ಮ ಬಂದಳು. ತೂಬಿನ ಕಟ್ಟಕಡೆಯಲ್ಲಿ ಏಳು ಮನೆಯವರಿಗೆ ತಲಾ ಹದಿನೆಂಟು ಗುಂಟೆ ಹೊಲವಿತ್ತು. ಅವರಲ್ಲಿ ಬಾಲಮ್ಮ ಒಬ್ಬಳು. ಐವತ್ತರ ಆಸುಪಾಸಿನ ಹೆಂಗಸು. ಚಪ್ಪಲಿ ಬಾಗಿಲಲ್ಲಿ ಬಿಡದೆ ಒಳಗೇ ಬಂದು, ಬೆಂಚಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

“ಮಷಿನ್ನಿನಾಕಿ ನೀನ ಏನು?”

ಚಂದಮ್ಮ ತಲೆಯಾಡಿಸಿದಳು.

“ನನ್ನ ಹೆಸರ ಮುಂದ ಏನದ, ಓದಿ ಹೇಳು. ಖಾಜಾಮಿಯಾ ಅಂತಾನ, ಸೊನ್ನಿ ಅದಂತ. ನಾ ಅಂದೆ, ನಮ್ಮಪ್ಪ ಬಿಟ್ಟು ಹೋದ ಭೂಮಿ ಅದ, ಸೊನ್ನಿ ಹ್ಯಾಂಗ ಆಗ್ತದ? ಚಾವಿ ನನ್ನ ಹೊಲದ ಬದುವಿನ ತನಕ ಬಂತು. ಅಲ್ಲಿಂದ ಹಂಗ ತಿರುಗಿ ಹೋತು. ಮೆಣಸಿನ ಗಿಡ ಹೂವಿಗೆ ಬಂದಾವ. ಇನ್ನೊಂದು ಪಾಳಿ ತಪ್ಪಿದ್ರ ಎಲ್ಲ ಉದುರಿ ಹೋಗ್ತಾವ ತಂಗಿ.”

ಆಫೀಸಿನ ಪ್ರತಿ ಮೇಜಿನ ಮೇಲೆಯೇ ಇತ್ತು. ಚಂದಮ್ಮ ಬೆರಳಿಟ್ಟು ಕೆಳಗಿಳಿದಳು. ಬಾಲಮ್ಮ. ಎಕರೆ 0. ಗುಂಟೆ 18. ತಾಸು 0.00. ಅದರ ಕೆಳಗೆ ಇನ್ನಾರು ಸಾಲು, ಅವೂ ಹಾಗೆಯೇ. ಇಷ್ಟು ದಿನ ಅವಳು ಆ ಸೊನ್ನೆಗಳನ್ನು ಮುದ್ದಿನಿಂದ ನೋಡಿದ್ದಳು. ಓದಿರಲಿಲ್ಲ.

“ಏನದ?” ಎಂದಳು ಬಾಲಮ್ಮ.

“ನೋಡ್ತೀನ್ರಿ,” ಎಂದಳು ಚಂದಮ್ಮ.

“ನೋಡ್ತಿ. ಎಲ್ಲಾರೂ ನೋಡೇ ನೋಡ್ತಾರ.” ಬಾಲಮ್ಮ ಎದ್ದಳು. “ಆ ಖಾಜಾಮಿಯಾನ ಏನೋ ತಿಂದಾನ ಬಿಡು. ಒಂದು ದಿನ ಎಂಟು ತಾಸು ನೀರು ದ್ಯಾವಪ್ಪನ ಗದ್ಯಾಗ ಹರೀತು, ಕಣ್ಣಿಂದ ನೋಡೀನಿ. ಅಧ್ಯಕ್ಷರಿಗೆ ಅರ್ಜಿ ಕೊಟ್ಟೀವಿ ನಾವು ಏಳೂ ಮಂದಿ. ಸೋಮಾರ ಸಭಾ ಅದ.”

ಅವಳು ಹೋದ ಮೇಲೆ ಚಂದಮ್ಮ ಕಂಪ್ಯೂಟರಿನ ಮುಂದೆ ಕುಳಿತಳು. ಚುಕ್ಕೆಯಾಚೆಯ ಜಾಗ ಸಾಲದೆ ಚೂರು ಕಾಣದಾಗಿದೆಯೇನೋ ಎಂದು ಅಗಲದ ಕಟ್ಟು ತೆಗೆದು ಬರೀ %f ಇಟ್ಟಳು. ಯಂತ್ರ ಆರಂಕಿ ತೋರಿಸಿತು: 0.000000. ಸೊನ್ನೆ ಇನ್ನೂ ಉದ್ದವಾಯಿತು, ಅಷ್ಟೇ. ಆಮೇಲೆ ಮೇಲಿನ ಮೂರು ಸಾಲಿನ ಲೆಕ್ಕವನ್ನು ಓದಿದಳು. ಹದಿನೆಂಟನ್ನು ನಲವತ್ತರಿಂದ ಭಾಗಿಸು ಎಂದು ಬರೆದಿದ್ದಳು. ಎರಡೂ ಇಡೀ ಅಂಕಿಗಳು. ಇಡೀ ಅಂಕಿಯನ್ನು ಇಡೀ ಅಂಕಿಯಿಂದ ಭಾಗಿಸಿದರೆ ಯಂತ್ರ ಕೊಡುವುದೂ ಇಡೀ ಅಂಕಿಯನ್ನೇ. ಉಳಿದ ಚೂರನ್ನು ಸದ್ದಿಲ್ಲದೆ ಕೆಳಗೆ ಬಿಡುತ್ತದೆ. ಹದಿನೆಂಟು ಗುಂಟೆ ಹಾಗೆ ಸೊನ್ನೆಯಾಗಿತ್ತು. ದ್ಯಾವಪ್ಪನ ಇಪ್ಪತ್ತು ಗುಂಟೆಯೂ ಬಿದ್ದಿತ್ತು, ಎಲ್ಲರ ಗುಂಟೆಯೂ ಬಿದ್ದಿತ್ತು; ಆದರೆ ಎಕರೆ ಇದ್ದವರಿಗೆ ಎಕರೆಯಾದರೂ ಉಳಿದಿತ್ತು. ಬರೀ ಗುಂಟೆಯವರಿಗೆ ಏನೂ ಉಳಿದಿರಲಿಲ್ಲ. ಮುದ್ರಿಸುವ ಹೊತ್ತಿಗೆ ತಾನು ಹಾಕಿದ ಗುರುತು ಬಂದು, ಆ ಬಿದ್ದದ್ದರ ಮೇಲೆ ಒಂದು ಚುಕ್ಕೆ, ಎರಡು ಸೊನ್ನೆ ಇಟ್ಟು ಹೆಣಕ್ಕೆ ಶೃಂಗಾರ ಮಾಡಿದಂತೆ ಮಾಡಿತ್ತು.

ಬಿದ್ದ ಗುಂಟೆಗಳನ್ನೆಲ್ಲ ಕೂಡಿಸಿದಳು. ಎಂಟು ಎಕರೆ. ಮೂವತ್ತೆರಡು ತಾಸು. ಒಂದು ದಿನ, ಎಂಟು ತಾಸು.

ಕಿಟಕಿಯಾಚೆ ಕೆಮ್ಮು ಕೇಳಿತು. ಖಾಜಾಮಿಯಾ ಬೇವಿನ ಕೆಳಗೆ ಕುಳಿತು ಬೀಡಿ ಹಚ್ಚುತ್ತಿದ್ದ. ಚಾವಿ ಅವನ ಮೊಣಕಾಲ ಮೇಲಿತ್ತು. ನಾರಾಯಣಪುರದ ಅಣೆಕಟ್ಟಿನಿಂದ ಈ ಕಾಲುವೆಗೆ ಮೊದಲ ಸಲ ನೀರು ಬಿಟ್ಟಾಗಿನಿಂದ ಅವನು ಇಲ್ಲಿ ಲಸ್ಕರ. ಆ ಕತೆಯನ್ನು ಅವನು ಊರಿನ ಎಲ್ಲರಿಗೂ ಹೇಳಿದ್ದ, ಚಂದಮ್ಮನಿಗೂ ಹೇಳಿದ್ದ. ಒಣ ಕಾಲುವೆಯೊಳಗೆ ಮುಂದೆ ಮುಂದೆ ಅವನು ನಡೆದನಂತೆ, ಹಿಂದೆ ಹಿಂದೆ ನೀರು ಬಂತಂತೆ. “ತಿರುಗಿ ನೋಡಿದ್ರ ಒಂದ ಗೇಣು ಎತ್ತರದ ನೀರು ಬೇಟಿ, ಹುಲ್ಲುಕಡ್ಡಿ, ಹಾವಿನ ಪೊರೆ ಎಲ್ಲ ತಲಿ ಮ್ಯಾಲ ಹೊತಗೊಂಡು, ಆಕಳ ಕರು ಬಂದಂಗ ನನ್ನ ಹಿಂದ ಬರಾಕತ್ತಿತ್ತು. ನಾ ನಿಂತ್ರ ಅದೂ ನಿಂತಂಗ ಕಾಣ್ತಿತ್ತು.”

ಇಂದು ಅವನು ಆ ಕತೆ ಹೇಳಲಿಲ್ಲ. ಕಿಟಕಿಯ ಸರಳಿನ ಆಚೆಯಿಂದ, ಅವಳ ಕಡೆ ನೋಡದೆ ಮಾತಾಡಿದ.

“ಬೇಟಿ, ನಂಗ ಅಕ್ಷರ ಬರಂಗಿಲ್ಲ, ಅಂಕಿ ಬರ್ತದ. ಕಾಲುವಿ ನೀರಿನ ಗೇಜು ಓದಿ ಓದಿ ಬಂದಾದ. ಗ್ವಾಡಿ ಮ್ಯಾಲ ಸೊನ್ನಿ ಇತ್ತಿಲ್ಲೋ?”

ಚಂದಮ್ಮ ಕೀಲಿಮಣೆಯನ್ನು ನೋಡುತ್ತಿದ್ದಳು.

“ಪಟ್ಟಿ ಮುಗೀತು, ನೀರು ಮುಗೀಲಿಲ್ಲ. ನಾ ಏನು ಮಾಡಬೇಕಿತ್ತು? ಹಳ್ಳಕ್ಕ ಬಿಡಬೇಕಿತ್ತೇನು? ದ್ಯಾವಪ್ಪ ಬಂದು ಕೇಳ್ದ, ಬಿಟ್ಟೆ. ಕಡೀಕಿನವರಿಗೆ ಕೊಡೂಣು ಅಂದ್ರ ಮಷಿನ್ನ ಸೊನ್ನಿ ಅಂತದ. ಮಷಿನ್ ಮುಂದ ನಂದೇನು ನಡೀತದ?” ಬೀಡಿ ಆರಿಹೋಗಿತ್ತು, ಅವನು ಅದನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡ. “ಇಪ್ಪತ್ತು ವರ್ಷ ಯಾರ ಬಾಯಿಂದಲೂ ಕಳ್ಳ ಅನಿಸಿಕೊಂಡಿದ್ದಿಲ್ಲ. ನಿನ್ನಿ ಹುಸೇನಬೀ ನಳದ ಹತ್ರ ಕೇಳಿ ಬಂದಾಳ. ಮನ್ಯಾಗ ಅಳಾಕತ್ತಾಳ.”

ಹುಸೇನಬೀ ಅವನ ಹೆಂಡತಿ. ಚಂದಮ್ಮನಿಗೆ ಚಿಕ್ಕಂದಿನಲ್ಲಿ ತಾಯತ ಕಟ್ಟಿದವಳು.

ತಪ್ಪು ತನ್ನದೆಂದು ಚಂದಮ್ಮನಿಗೆ ಹೇಳಬೇಕೆನಿಸಿತು. ನಾಲಿಗೆಯ ತುದಿಯಲ್ಲಿ ಮಾತಿಗೆ ಜಾಗವೂ ಸಿದ್ಧವಾಗಿತ್ತು, ಹದಿನೆಂಟು ಮನೆಯಷ್ಟು ಅಗಲ. ಆ ಜಾಗಕ್ಕೆ ಏನೂ ಬಂದು ಕೂರಲಿಲ್ಲ. ಖಾಜಾಮಿಯಾ ಚಾವಿ ಎತ್ತಿಕೊಂಡು, ದಂಡೆಗುಂಟ ಹೋದ.

ತಪ್ಪನ್ನು ತಿದ್ದಿಬಿಟ್ಟರೆ ಹೇಳುವ ಪ್ರಮೇಯವೇ ಬರುವುದಿಲ್ಲ ಎಂದು ಅವಳು ಡೈರಿಯಲ್ಲಿ ಬರೆದಳು. ಬರೆದದ್ದು ಓದಿದಾಗ ನಿಜವೆನಿಸಿತು. ನಲವತ್ತರ ಪಕ್ಕ ಒಂದು ಚುಕ್ಕೆ, ಒಂದು ಸೊನ್ನೆ ಸೇರಿಸಿದಳು. ಅಷ್ಟಕ್ಕೆ ಯಂತ್ರಕ್ಕೆ ಚೂರಿನ ಬೆಲೆ ತಿಳಿಯಿತು. ಬಾಲಮ್ಮನ ಮುಂದೆ 1.80 ಬಂತು. 1.80 ಎಂದರೆ ಬಾಲಮ್ಮನಿಗೇನು ತಿಳಿದೀತು? ಚುಕ್ಕೆಯ ಅಂಕಿಯನ್ನು ಒಡೆದು ತಾಸಿಗೊಂದು ಇಡೀ ಅಂಕಿ, ನಿಮಿಷಕ್ಕೊಂದು ಇಡೀ ಅಂಕಿ ಮಾಡಿದಳು. ನಿಮಿಷ ಒಂಟಿ ಅಂಕಿಯಾದರೆ ಅದರ ಎಡಕ್ಕೆ ಸೊನ್ನೆ ತುಂಬುವ ಹಾಗೆ %02d ಇಟ್ಟಳು. 1:48. ಒಂದು ತಾಸು ನಲವತ್ತೆಂಟು ನಿಮಿಷ. ಏಳು ಸಾಲು, ಏಳು ಸಲ. ಈ ಸಲ ಒಂದೊಂದು ಹೆಸರಿನ ಮುಂದೆಯೂ ಬೆರಳಿಟ್ಟು, ಬಾಯಿಯಲ್ಲೇ ಗುಣಿಸಿ ನೋಡಿದಳು. ನೂರಾ ಅರವತ್ತೆಂಟು ತಾಸು ಸರಿಯಾಗಿ ಮುಟ್ಟಿತು. ತಾನೇ ಓಡಾಡಿ ಮರಿಲಿಂಗಪ್ಪನ ಸಹಿ ತಂದಳು. ಅವನು ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ಸಹಿ ಹಾಕಿದ, ಹಳೆಯದೋ ಹೊಸದೋ ಎಂದು ಕೇಳಲಿಲ್ಲ.

ಸೋಮವಾರ ಬೆಳಗಿನ ಜಾವ ಕಾಲುವೆಯ ಮೇಲೆ ಮಂಜು ಕೂತಿತ್ತು. ಆಚೆ ದಂಡೆ ಕಾಣುತ್ತಿರಲಿಲ್ಲ. ಚಂದಮ್ಮ ಅಂಟಿನ ಬಟ್ಟಲು ಹಿಡಿದು ನಡೆದಳು. ನೀರು ಉಸಿರಾಡುವ ಸದ್ದು ಪಕ್ಕದಲ್ಲೇ ಬರುತ್ತಿತ್ತು. ತಾನು ನಡೆಯುತ್ತಿದ್ದೇನೋ, ದಂಡೆಯೇ ತನ್ನ ಕೆಳಗೆ ಹಿಂದಕ್ಕೆ ಸರಿಯುತ್ತಿದೆಯೋ ತಿಳಿಯದ ಹಾಗಿತ್ತು. ಶೆಡ್ಡಿನ ಗೋಡೆಯಿಂದ ಹಳೆಯ ಪಟ್ಟಿ ಒಂದೇ ಎಳೆತಕ್ಕೆ ಬಂತು. ಮೇಲಿನ ಹದಿನೈದು ಮಂದಿಯ ಹೆಬ್ಬೆರಳಿನ ಕೆಸರು ಅದರ ಮೇಲೆ ಅಂಟಿತ್ತು. ಒಬ್ಬೊಬ್ಬರೂ ತಮ್ಮ ತಮ್ಮ ಸಾಲಿನ ಮೇಲಷ್ಟೇ ಬೆರಳಿಟ್ಟಿದ್ದರು. ಕಡೆಯ ಏಳು ಸಾಲು ಚೊಕ್ಕವಾಗಿದ್ದವು. ಹೊಸದನ್ನು ಅಂಟಿಸಿದಳು. ಹಳೆಯದನ್ನು ಮಡಚಲು ಹೋಗಿ, ಬೇಡವೆನಿಸಿ, ಚೂರು ಚೂರು ಮಾಡಿ ನೀರಿಗೆ ಬಿಟ್ಟಳು. ಆಫೀಸಿನ ಪ್ರತಿಯೂ ಕೈಚೀಲದಲ್ಲಿತ್ತು, ಅದನ್ನೂ ಬಿಟ್ಟಳು. ಬಿಳಿ ಚೂರುಗಳು ಸ್ವಲ್ಪ ದೂರ ಒಂದೇ ಸಾಲಿನಲ್ಲಿ ತೇಲಿ, ಮಂಜಿನೊಳಗೆ ಹೋಗಿಬಿಟ್ಟವು. ಅವಳಿಗೆ ಹಗುರವಾಯಿತು. ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ದೇವಕಮ್ಮ, “ಇವತ್ತೇನು ಬೆಲ್ಲ ಕರಗ್ಯಾದೇನು?” ಎಂದಳು.

ಸಭೆ ಮೂರು ಗಂಟೆಗೆ ಆಫೀಸಿನ ಮುಂದೆ, ಬೇವಿನ ನೆರಳಿನಲ್ಲಿ ಕೂಡಿತು. ಅಧ್ಯಕ್ಷ ಸಾಬಣ್ಣನಿಗೆ ಕುರ್ಚಿ. ಉಳಿದವರಿಗೆ ಜಮಖಾನೆ. ಬಾಲಮ್ಮ ಮತ್ತು ಕಡೆಯ ಉಳಿದ ಆರು ಮನೆಯವರು ಕಟ್ಟೆಯ ಮೇಲೆ ಸಾಲಾಗಿ ಕುಳಿತರು. ಖಾಜಾಮಿಯಾ ಕೂರಲಿಲ್ಲ, ಚಾವಿಯನ್ನು ಊರಿಕೊಂಡು ನಿಂತಿದ್ದ. ಚಂದಮ್ಮ ಬಾಗಿಲ ಒಳಗೆ ಸಣ್ಣ ಮೇಜಿನ ಮುಂದೆ ಠರಾವಿನ ಪುಸ್ತಕ ಬಿಚ್ಚಿಕೊಂಡು ಕೂತಳು. ಬರೆಯುವುದು ಅವಳ ಕೆಲಸ.

“ಪಟ್ಟ್ಯಾಗ ನಮಗ ಸೊನ್ನಿ ಅದಂತ ಹೇಳಿ ಇವ ನೀರು ಕೊಟ್ಟಿಲ್ಲ,” ಎಂದಳು ಬಾಲಮ್ಮ. “ನಮಗ ಯಾರು ಸೊನ್ನಿ ಬರದ್ರು, ಅವರನ್ನ ಕರೀರಿ. ಇಲ್ಲಾಂದ್ರ ಇವ ಸುಳ್ಳ ಹೇಳ್ಯಾನ.”

“ಪಟ್ಟಿ ತರಸ್ರಿ, ಗೊತ್ತಾಗ್ತದ,” ಎಂದ ದ್ಯಾವಪ್ಪ. ಸುಮ್ಮನಿರಲಾರದೆ ಆಡಿದ ಮಾತು. ಆಡಿದ ಮೇಲೆ ತಲೆ ಬಗ್ಗಿಸಿದ.

ಮರಿಲಿಂಗಪ್ಪ ತಾನೇ ಶೆಡ್ಡಿಗೆ ಹೋಗಿ ನೋಡಿ ಬಂದ. ಬರುವಾಗ ಅವನ ನಡಿಗೆಗೆ ಗತ್ತು ಬಂದಿತ್ತು.

“ಸೊನ್ನಿ ಗಿನ್ನಿ ಏನಿಲ್ಲರಿ. ಒಂದು ತಾಸು ನಲವತ್ತೆಂಟು ನಿಮಿಷ ಅಂತ ಅಚ್ಚಾಗಿ ಕುಂತದ. ಏಳೂ ಮಂದಿಗೆ. ಕೆಳಗ ನನ್ನ ಸಹಿ ಅದ.”

ಜಮಖಾನೆಯ ಮೇಲೆ ಗುಜುಗುಜು ಎದ್ದಿತು. ಚಂದಮ್ಮ ಅಷ್ಟು ಜೋಪಾನವಾಗಿ ತಿದ್ದಿದ ಅಂಕಿಗಳು ಅಲ್ಲಿ ಗೋಡೆಯ ಮೇಲೆ ನಿಂತು ಒಬ್ಬ ಮುದುಕನ ಮೇಲೆ ಸಾಕ್ಷಿ ಹೇಳುತ್ತಿದ್ದವು.

ಖಾಜಾಮಿಯಾ ಎಲ್ಲರ ಮುಖ ನೋಡಿದ. “ನಾ ಸೊನ್ನಿ ನೋಡೀನ್ರಿ,” ಎಂದ. “ದ್ಯಾವಪ್ಪ, ನೀ ನೋಡಿಲ್ಲೇನೋ?”

“ನಾ ನನ್ನ ಸಾಲು ನೋಡೀನಿ ಮಾವಾ. ಬ್ಯಾರೆಯವರದು ನಾ ಯಾಕ ನೋಡ್ಲಿ?”

“ಕಣ್ಣಿಗೆ ಪೊರಿ ಬಂದಿರಬೇಕು,” ಎಂದರು ಯಾರೋ. “ಒಂದು ದಿನ ಎಂಟು ತಾಸಿನ ಪೊರಿ,” ಎಂದರು ಇನ್ಯಾರೋ. ನಾಲ್ಕು ಮಂದಿ ನಕ್ಕರು.

ಮುದುಕನ ಮುಖದಲ್ಲಿ ಏನೋ ಸಡಿಲವಾಯಿತು. “ಇರಬಹುದು,” ಎಂದ ಮೆಲ್ಲಗೆ. “ವಯಸ್ಸಾತು. ಕಂಡಿದ್ದಿಲ್ಲೇನೋ, ಕಂಡಂಗ ಆಗಿತ್ತೇನೋ.”

ತಾನು ಕಂಡದ್ದನ್ನು ಅವನೇ ಅನುಮಾನಿಸುವುದನ್ನು ಚಂದಮ್ಮ ನೋಡಿದಳು. ಕಳ್ಳ ಅಂದಾಗಲೂ ಅವನು ಹೀಗೆ ಕುಗ್ಗಿರಲಿಲ್ಲ.

ಸಾಬಣ್ಣ ಗಂಟಲು ಸರಿಮಾಡಿಕೊಂಡ. “ಭಾಳ ಮಾತು ಬ್ಯಾಡ. ಹಿರೇ ಮನುಷ್ಯ ಅದಾನ, ಪೊಲೀಸು ಗಿಲೀಸು ಬ್ಯಾಡ. ಚಾವಿ ಇಟ್ಟು ಮನೀಗೆ ಹೋಗ್ಲಿ. ಬ್ಯಾರೆ ಲಸ್ಕರನ್ನ ನೋಡೂಣು. ಬಾಲಮ್ಮಾ, ನಿಮಗ ಈ ಪಾಳ್ಯಾಗ ಮೊದಲ ನೀರು. ಆತಿಲ್ಲೋ?”

ಬಾಲಮ್ಮ ಖಾಜಾಮಿಯಾನನ್ನೇ ನೋಡುತ್ತಿದ್ದಳು.

“ಚಂದಮ್ಮಾ, ಬರ್ಕೋ,” ಎಂದ ಮರಿಲಿಂಗಪ್ಪ, ಬಾಗಿಲ ಕಡೆ ತಿರುಗಿ. “ಲಸ್ಕರ ಖಾಜಾಮಿಯಾ ಇವರು ಪಟ್ಟಿ ಪ್ರಕಾರ ನೀರು ಬಿಡದೆ…”

ಅವಳು ಬರೆದಳು. ಲಸ್ಕರ. ಖಾಜಾಮಿಯಾ. ಇವರು. ಪಟ್ಟಿ. ಪೆನ್ನು ಅಲ್ಲಿಗೆ ನಿಂತಿತು. ಮುಂದಿನ ಜಾಗ ಬೆಳ್ಳಗೆ ಕಾಯುತ್ತಿತ್ತು. ಹೊರಗೆ ಖಾಜಾಮಿಯಾ ಬಗ್ಗಿ ಚಾವಿಯನ್ನು ಸಾಬಣ್ಣನ ಕುರ್ಚಿಯ ಬಳಿ ನೆಲದ ಮೇಲೆ ಇಡುತ್ತಿದ್ದ. ಕಬ್ಬಿಣ ಕಲ್ಲಿಗೆ ತಾಗಿ ಠಣ್ಣೆಂದಿತು. ಬಿಸಿಲು ಬೇವಿನೊಳಗಿಂದ ಸೋರಿ ಎಲ್ಲರ ಮೈಮೇಲೆ ಅಲುಗುತ್ತಿತ್ತು. ಎಲ್ಲವೂ ನೀರಿನ ತಳದಲ್ಲಿ ನಡೆಯುತ್ತಿರುವಂತೆ, ನಿಧಾನವಾಗಿ, ದೂರದಲ್ಲಿ. ಕಾಗದ ನೀರು ಪಾಲಾಗಿತ್ತು. ಇನ್ನು ಆ ಸೊನ್ನೆ ಉಳಿದದ್ದು ಈ ಭೂಮಿಯ ಮೇಲೆ ಇಬ್ಬರ ತಲೆಯಲ್ಲಿ. ಅವರಲ್ಲಿ ಒಬ್ಬ ಈಗಷ್ಟೇ ಅದನ್ನು ಕೈಬಿಟ್ಟಿದ್ದ.

ಅವಳು ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. ಹೊಸ್ತಿಲು ದಾಟಿ ಹೊರಗೆ ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಕಾಲಿಗೆ ಜಮಖಾನೆಯ ಬಿಸಿ ತಾಗಿದಾಗ ಗೊತ್ತಾಯಿತು. ಎಲ್ಲರೂ ತಿರುಗಿ ನೋಡಿದರು.

“ಏನವಾ?” ಎಂದ ಸಾಬಣ್ಣ. “ನೀರಡಿಕಿ ಆಗ್ಯಾದೇನು?”

“ಶಾಯಿ ಮುಗದಿರಬೇಕು,” ಎಂದ ಮರಿಲಿಂಗಪ್ಪ.

ಚಂದಮ್ಮ ಖಾಜಾಮಿಯಾನ ಕಡೆ ನೋಡಿದಳು. ಅವನು ಇನ್ನೂ ಬಗ್ಗಿಯೇ ಇದ್ದ, ಒಂದು ಕೈ ಚಾವಿಯ ಮೇಲೆ.

“ನೀವು ನೋಡಿದ್ದು ಖರೇ ಅದ ಮಾಮಾ,” ಎಂದಳು. ದನಿ ಕಟ್ಟೆಯ ತನಕ ಮುಟ್ಟಿತು. “ಪಟ್ಟ್ಯಾಗ ಸೊನ್ನಿನ ಇತ್ತು. ನಾ ಬರದದ್ದು ತಪ್ಪಿತ್ತು. ಇವತ್ತು ನಸುಕಿನ್ಯಾಗ ಅದನ್ನ ಹರದು ಕಾಲುವ್ಯಾಗ ಬಿಟ್ಟಾಕಿ ನಾನ.”